ಭಜ್ಜಿ ಉಣ್ಣದ ಎಳ್ಳಮಾಸಿ

ನಾನು ಅಜ್ಜಿಯಾದೆ. ಮೊಮ್ಮಗಳು ಹೋದ ವಾರ ಕಲಬುರಗಿಯಲ್ಲಿ ಹುಟ್ಟಿದಳು, ಇವತ್ತು ಮುಂಜಾನೆ ರಾಜೇಶ್ವರದ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಳು. ತಾಯಿ ಸುಖವಾಗಿದ್ದಾಳೆ, ಮಗು ಸುಖವಾಗಿದೆ. ಈ ಎರಡು ಮಾತನ್ನು ಹಾಲಿನವನಿಗೆ ಹೇಳಿದೆ, ನಮ್ಮ ಗಿರಣಿಗೆ ಜೋಳ ತಂದವರಿಗೆಲ್ಲ ಹೇಳಿದೆ, ಬಸವಕಲ್ಯಾಣದ ಬಸ್ಸಿಗೆ ಕಾಯುತ್ತ ನಿಂತಿದ್ದ ಗುರುತಿಲ್ಲದ ಹೆಣ್ಣುಮಗಳನ್ನೂ ಕರೆದು ಹೇಳಿ ಕೈಯಲ್ಲಿ ಸಕ್ಕರೆ ಹಾಕಿದೆ. ಅವಳು ಪಾಪ, ಯಾರ ಮಗು ಏನು ಎಂದು ತಿಳಿಯದಿದ್ದರೂ ಚಲೋ ಆಯಿತ್ರಿ ಅಂದಳು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ನನ್ನ ಸೊಸೆ ಸುವರ್ಣಾಳ ತವರು ನಿರ್ಣಾ ಒಳಗಿನ ಊರು, ನಮ್ಮ ಊರು ದೊಡ್ಡ ರಸ್ತೆಯ ಮೇಲಿದೆ. ಏನಾದರೂ ಆದರೆ ಹುಮನಾಬಾದಿಗೆ ಗಾಡಿ ಲಗೂ ಸಿಗುತ್ತದೆ. ಅದಕ್ಕೇ ಬೀಗತಿ ಗುಂಡಮ್ಮ ತಾನೇ ಬಟ್ಟೆ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದು ಕುಳಿತಿದ್ದಾಳೆ. ಬೆಳಿಗ್ಗೆ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿ ಹೋದರು. ಆಮೇಲೆ ನಾನು ಒಲೆ ಹಚ್ಚಿ ಭಜ್ಜಿಗೆ ಇಟ್ಟೆ, ಇವತ್ತು ಎಳ್ಳಮಾಸಿ, ಹೊಲದ ಪೂಜೆ ಮಾಡುವ ಎಳ್ಳಮಾವಾಸ್ಯೆ. ಹಸಿ ತೊಗರಿಕಾಳು, ಕಡಲೆ, ಅವರೆ, ಮೆಂತ್ಯದ ಸೊಪ್ಪು, ಹುಣಸೆಹುಳಿ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯತೊಡಗಿ ಆ ವಾಸನೆ ಎದ್ದಾಗ, ನಗುತ್ತಿದ್ದ ನಾನು ಸವುಟು ಹಿಡಿದುಕೊಂಡೇ ನಿಂತುಬಿಟ್ಟೆ. ಎರಡು ವರ್ಷದ ಹಿಂದಿನ ಎಳ್ಳಮಾಸಿ ಇದೇ ವಾಸನೆಯಿಂದಲೇ ಶುರುವಾಗಿತ್ತು.

ಅವತ್ತು ಭಜ್ಜಿ ಮಾಡಿದವಳು ಸುವರ್ಣಾ. ಹೊರಗೆ ಥಂಡಿ, ರೊಟ್ಟಿ ಬಡಿಯುವ ನನ್ನ ಕೈ ಮರಗಟ್ಟಿತ್ತು. ಅವಳ ಹಣೆಯಲ್ಲಿ ಮಾತ್ರ ಬೆವರು ಇಳಿಯುತ್ತಿತ್ತು. ಎಡಗೈಯನ್ನು ಮತ್ತೆ ಮತ್ತೆ ಒತ್ತಿಕೊಳ್ಳುತ್ತಿದ್ದಳು. ಕೇಳಿದರೆ, ಹಬ್ಬದ ಗಿರಾಕಿ ಬಹಳ ಇದ್ದರು, ಡಬ್ಬಿ ಎತ್ತಿ ಎತ್ತಿ ಕೈ ಹಿಡಿದುಕೊಂಡಿದೆ ಅಂದಳು. ನಂಬುವ ಮಾತೇ ಆಗಿತ್ತು. ಗಿರಣಿ ನಮ್ಮ ಮನೆಯವರ ಹೆಸರಿನಲ್ಲಿದ್ದರೂ ನಡೆಸುವವಳು ಅವಳು. ಯಾರ ಹಿಟ್ಟು ಸಣ್ಣಗಿರಬೇಕು, ಯಾರದು ತರಿತರಿಯಾಗಿರಬೇಕು, ಯಾವ ಮುದುಕಿ ಗೋಧಿಯಲ್ಲಿ ಜೋಳ ಬೆರೆಸಿ ತಂದು ತಿಳಿಯದವಳ ಹಾಗೆ ನಿಲ್ಲುತ್ತಾಳೆ, ಎಲ್ಲ ಅವಳಿಗೆ ಗೊತ್ತು. ಸಣಕಲು ಮೈ, ಮೂವತ್ತು ದಾಟಿ ಸ್ವಲ್ಪೇ ವರ್ಷ. ಎದೆಯ ರೋಗ ದಪ್ಪಗಿದ್ದವರಿಗೆ, ವಯಸ್ಸಾದವರಿಗೆ ಬರುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು.

ಹೊಲಕ್ಕೆ ಟೆಂಪೋದಲ್ಲಿ ಹೋದೆವು. ಪೂಜೆ ಆಯಿತು. ಮಗ ರೇವಣ ಮತ್ತು ಸುವರ್ಣಾ ಭೂತಾಯಿಗೆ ಎಡೆಯ ಚರಗ ಚೆಲ್ಲಲು ತೊಗರಿ ಸಾಲಿನಲ್ಲಿ ಹೋದರು. ಅವನು ಮುಂದೆ, ಅವಳು ಹಿಂದೆ ನೀರು ಚಿಮುಕಿಸುತ್ತ. ಅರ್ಧ ಹೊಲ ಮುಗಿಯುವುದರಲ್ಲಿ ಅವನು ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಕೊಯ್ದ ತೊಗರಿಯ ಮೆದೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಮುಖ ಬೂದಿ ಬಡಿದ ಹಾಗಿತ್ತು. ದವಡೆ ನೋಯುತ್ತಿದೆ ಎಂದು ಕೈ ಮಾಡಿದಳು, ಮಾತು ಬರಲಿಲ್ಲ.

ಹರಡಿದ ಊಟವನ್ನು ಹಾಗೇ ಬಿಟ್ಟು ಹುಮನಾಬಾದಿಗೆ ಓಡಿಸಿದೆವು. ಅಲ್ಲಿಯ ದವಾಖಾನೆಯಲ್ಲಿ ಎದೆಗೆ ವೈರು ಹಚ್ಚಿ ಕಾಗದ ತೆಗೆದರು. ಹುಡುಗವಯಸ್ಸಿನ ಡಾಕ್ಟರು ಆ ಕಾಗದ ನೋಡಿ, ಇವರ ಮನೆತನದಲ್ಲಿ ಸಣ್ಣ ವಯಸ್ಸಿನಲ್ಲಿ ಯಾರಾದರೂ ಎದೆ ಹಿಡಿದುಕೊಂಡು ತೀರಿಹೋಗಿದ್ದಾರೆಯೇ ಎಂದು ಕೇಳಿದರು. ಸುವರ್ಣಾಳ ಅಪ್ಪ ಹಾಗೇ ಹೋಗಿದ್ದ. ನಿರ್ಣಾದ ಹೊಲದಲ್ಲಿ ನೀರು ಹಾಯಿಸುತ್ತ ಕುಸಿದವನು ಏಳಲಿಲ್ಲ. ಇವಳು ಆಗ ಶಾಲೆಗೆ ಹೋಗುವ ಹುಡುಗಿ. ರಕ್ತದಲ್ಲಿ ಕೊಬ್ಬು ಹೆಚ್ಚಾಗುವುದು ಕೆಲವು ಮನೆತನಗಳಲ್ಲಿ ಹೊಲಮನೆಯ ಹಾಗೆ ಅಪ್ಪನಿಂದ ಮಕ್ಕಳಿಗೆ ಬರುತ್ತದಂತೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಅಂಬ್ಯುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು.

ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ, ಮಣಿಕಟ್ಟಿನಿಂದ ತಂತಿ ಹಾಕಿ ಹೃದಯದ ನಾಳ ನೋಡಬೇಕು ಅಂದರು. ಮೈಮೇಲಿನದೆಲ್ಲ ತೆಗೆಯಿರಿ ಎಂದು ನರ್ಸಮ್ಮ ಹೇಳಿದಾಗ ಬಳೆ ಕೊಟ್ಟಳು, ತಾಳಿ ಕೊಟ್ಟಳು, ಕೊರಳಿನ ಲಿಂಗದ ಮೇಲೆ ಮಾತ್ರ ಕೈ ಇಟ್ಟುಕೊಂಡಳು. ನಮ್ಮಲ್ಲಿ ಅದನ್ನು ಉಸಿರಿರುವ ತನಕ ತೆಗೆಯುವುದಿಲ್ಲ. ನರ್ಸಮ್ಮ ಒಳ್ಳೆಯವಳು, ಗದರಲಿಲ್ಲ, ಕಾದು ನಿಂತಳು. ನಾನೇ ಮುಂದೆ ಹೋಗಿ ಅಂಗೈ ಚಾಚಿದೆ. ಅವಳು ನನ್ನ ಮುಖ ನೋಡಿ ಬಿಚ್ಚಿ ಕೊಟ್ಟಳು. ಅವಳು ಹೊರಗೆ ಬರುವ ತನಕ ನಾನು ಕುಳಿತ ಜಾಗ ಬಿಟ್ಟು ಏಳಲಿಲ್ಲ, ಮುಷ್ಟಿ ತೆರೆಯಲಿಲ್ಲ. ಬೀಗತಿ ಅಷ್ಟರಲ್ಲಿ ಬಂದಿದ್ದಳು. ಅವಳು ಅಳುತ್ತಿರಲಿಲ್ಲ. ಗಂಡನ ಹೆಣದ ಮುಂದೆ ಕುಳಿತಾಗಲೂ ಹೀಗೇ ಇದ್ದಳೇನೋ ಎನ್ನಿಸಿ ನನಗೇ ಭಯವಾಯಿತು.

ಹೃದಯದ ಮುಂಭಾಗಕ್ಕೆ ಹೋಗುವ ನಾಳ ಒಂದು ಕಡೆ ದಾರದಷ್ಟು ಸಣ್ಣಗಾಗಿತ್ತು. ಹೃದಯದ ಡಾಕ್ಟರು ಅದನ್ನು ಟೀವಿಯಂಥ ಪರದೆಯ ಮೇಲೆ ತೋರಿಸಿದರು. ಅಲ್ಲಿ ಸ್ಟೆಂಟ್ ಹಾಕಬೇಕು, ಅದರಲ್ಲಿ ಎರಡು ನಮೂನೆ ಇವೆ ಅಂದರು. ಒಂದು ಸಣ್ಣ ಲೋಹದ ಜಾಳಿ, ಮೇಲೆ ಔಷಧದ ಲೇಪ. ನಾಳ ಮತ್ತೆ ಮುಚ್ಚಿಕೊಳ್ಳದಂತೆ ಆ ಔಷಧ ನಿಧಾನಕ್ಕೆ ಬಿಡುತ್ತದೆ, ಜಾಳಿ ಅಲ್ಲೇ ಜನ್ಮಪೂರ್ತಿ ಇರುತ್ತದೆ. ಇನ್ನೊಂದು ಕರಗುವಂಥದು. ಅದಕ್ಕೂ ಔಷಧದ ಲೇಪ ಇರುತ್ತದೆ. ನಾಳವನ್ನು ಎತ್ತಿ ಹಿಡಿದು, ಎರಡು ಮೂರು ವರ್ಷದಲ್ಲಿ ತಾನೇ ಕರಗಿ ಹೋಗುತ್ತದೆ. ಲೇಪ ಎಂದಾಗ ನನಗೆ ಮುಷ್ಟಿಯಲ್ಲಿದ್ದ ಲಿಂಗದ ಮೇಲೆ ಬಳಿದಿರುವ ಕರಿ ಕಂತಿ ನೆನಪಾಯಿತು. ಅಷ್ಟು ಮಾತ್ರ ನನ್ನ ತಲೆಗೆ ಹೋಯಿತು.

ಉಳಿದವರಿಗೆಲ್ಲ ಆಗಲೇ ತೀರ್ಮಾನ ಆಗಿಹೋಗಿತ್ತು. ಕರಗುವುದೇ ಬೇಕು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಸುವರ್ಣಾಳಿಗೆ ಮಕ್ಕಳಾಗಿರಲಿಲ್ಲ. ಒಂದು ಸಲ ನಿಂತದ್ದು ಮೂರನೇ ತಿಂಗಳಲ್ಲಿ ಹೋಗಿತ್ತು. ಬೀಗತಿ ಡಾಕ್ಟರರ ಮುಂದೆ ಕೈ ಮುಗಿದಳು.

"ಕರಗೋದೇ ಹಾಕ್ರಿ ಸಾಹೇಬ್ರ. ಎದ್ಯಾಗ ಕಬ್ಬಿಣ ಇಟ್ಕೊಂಡು ನನ್ನ ಮಗಳು ಹ್ಯಾಂಗ ಹಡೀತಾಳ?"

ರೇವಣನೂ ಮೊಬೈಲಿನಲ್ಲಿ ನೋಡಿದ್ದ. ಕರಗಿ ಹೋದ ಮೇಲೆ ನಾಳ ಹುಟ್ಟಿದಾಗ ಇದ್ದ ಹಾಗೆ ಆಗುತ್ತದೆ ಎಂದು ಅದರಲ್ಲಿ ಹೇಳಿದ್ದರಂತೆ. ನಮ್ಮ ಮನೆಯವರ ಕಾರಣವೇ ಬೇರೆ. ಅದನ್ನು ಡಾಕ್ಟರರ ಮುಂದೆ ಹೇಳಲು ನಾಚಿ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ಗಿರಣಿಯಲ್ಲಿ ಕಾಳು ಬೀಳುವ ಬಾಯಿಗೆ ಒಂದು ದೊಡ್ಡ ಚುಂಬಕ ಕೂಡಿಸಿರುತ್ತಾರೆ. ಕಾಳಿನಲ್ಲಿ ಮೊಳೆ, ಕಬ್ಬಿಣದ ಚೂರು ಬಂದರೆ ಕಲ್ಲು ಕೆಡುತ್ತದೆ, ಹಿಟ್ಟಿನಲ್ಲಿ ಸೇರುತ್ತದೆ ಎಂದು ಅದು ಹಿಡಿದುಕೊಳ್ಳುತ್ತದೆ. ದಿನಾ ಅದರ ಪಕ್ಕದಲ್ಲೇ ನಿಲ್ಲುವವಳು ಎದೆಯಲ್ಲಿ ಲೋಹ ಇಟ್ಟುಕೊಂಡರೆ ಅದು ಜಗ್ಗದೆ ಇರುತ್ತದೆಯೇ, ನೀನೇ ಹೇಳು ಅಂದರು. ನನಗೂ ಹೌದೆನ್ನಿಸಿತು.

ಡಾಕ್ಟರು ತಾಳ್ಮೆಯವರು. ಕರಗುವುದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಕೆಲವರಿಗೆ ಅದು ಚಲೋ ಆಗಬಹುದು ಅಂದರು. ಆದರೆ ಮೊದಮೊದಲು ಬಂದ ಕರಗುವ ಜಾಳಿಗಳ ಎಳೆಗಳು ದಪ್ಪ ಇದ್ದವು, ಕೆಲವರಲ್ಲಿ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಯಿತು. ಈಗಿನವು ಸುಧಾರಿಸಿವೆ, ಆದರೂ ಲೋಹದ್ದನ್ನು ನೋಡಿದಷ್ಟು ವರ್ಷ ಅದನ್ನು ಇನ್ನೂ ನೋಡಿಲ್ಲ. ಮೇಲಾಗಿ ಇವಳ ನಾಳವೇ ಸಣ್ಣದು. ಇಷ್ಟು ಹೇಳಿ ವಿಚಾರ ಮಾಡಿರಿ ಅಂದರು. ನಮ್ಮವರು ಯಾರೂ ವಿಚಾರ ಮಾಡುವ ಹಾಗೆ ಕಾಣಲಿಲ್ಲ. ಕರಗುತ್ತದೆ ಎಂಬ ಒಂದು ಮಾತು ಎಲ್ಲರ ಕಿವಿ ತುಂಬಿಬಿಟ್ಟಿತ್ತು. ಕರಗಿದರೆ ಹುಡುಗಿ ಮೊದಲಿನಂತೆ ಆಗುತ್ತಾಳೆ, ಮೊದಲಿನಂತೆ ಆದರೆ ಮಗು ಆಗುತ್ತದೆ. ಬೀಗತಿ ಆ ಲೆಕ್ಕ ಬಿಟ್ಟು ಬೇರೆ ಯೋಚನೆಯನ್ನೇ ಮಾಡಲೊಲ್ಲಳು.

ಸುವರ್ಣಾ ಹಾಸಿಗೆಯಲ್ಲಿ ಮಲಗಿ ಎಲ್ಲ ಕೇಳುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಡಾಕ್ಟರು ಹೊರಡಲು ತಿರುಗಿದಾಗ ಸಣ್ಣ ದನಿಯಲ್ಲಿ ಕರೆದಳು.

"ಸಾಹೇಬ್ರ, ನನಗ ಒಂದ ಮಾತು ಹೇಳ್ರಿ. ಯಾವುದು ಹಾಕಿದ್ರ ಗುಳಿಗಿ ಲಗೂ ಬಿಡಬಹುದು?"

ಡಾಕ್ಟರು ನಿಂತರು. ಸ್ಟೂಲು ಎಳೆದುಕೊಂಡು ಅವಳ ಹತ್ತಿರ ಕುಳಿತರು. "ಯಾಕ ಕೇಳ್ತಿ ತಾಯಿ?"

"ರಕ್ತ ತೆಳು ಮಾಡೋ ಗುಳಿಗಿ ತಗೋಳಾಕತ್ತಾಗ ಹಡೀಬಾರದಂತ ಆ ಸಿಸ್ಟರ್ ಹೇಳಿದ್ರು."

ಆಗ ಡಾಕ್ಟರು ಹೇಳಿದ ಮಾತು ನಾವು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ ಇತ್ತು. ಕರಗುವುದು ಕರಗಿ ಮುಗಿಯುವ ತನಕ ನಾಳದೊಳಗೆ ಒಂದು ವಸ್ತು ಇದ್ದೇ ಇರುತ್ತದೆ. ಹೆಪ್ಪು ಕಟ್ಟದಂತೆ ಅಷ್ಟೂ ದಿನ ಎರಡು ಗುಳಿಗೆ ಬೇಕಾಗಬಹುದು. ಲೋಹದ ಜಾಳಿಯ ಎಳೆ ತೆಳು, ಅದರ ಮೇಲೆ ನಾಳದ ಒಳಪದರ ಬೇಗ ಬೆಳೆದು ಮುಚ್ಚಿಕೊಳ್ಳುತ್ತದೆ. ಎಲ್ಲ ಸರಿ ಇದ್ದರೆ ಒಂದು ವರ್ಷದ ಮೇಲೆ ದೊಡ್ಡ ಗುಳಿಗೆ ಬಿಡಿಸಿ, ಸಣ್ಣದೊಂದನ್ನು ಇಟ್ಟುಕೊಂಡು, ಮಗುವಿನ ಮಾತು ಆಡಬಹುದು. ಇಷ್ಟು ಹೇಳಿ ಅವರು ಬೆರಳೆತ್ತಿದರು.

"ಆಡಬಹುದು ಅಂದೆ. ಆಗ್ತದಂತ ಹೇಳಿಲ್ಲ. ಮೊದಲ ನೀ ಉಳೀಬೇಕು."

"ಹಂಗಾದ್ರ ಲೋಹದ್ದೇ ಹಾಕ್ರಿ" ಅಂದಳು ಸುವರ್ಣಾ.

ಬೀಗತಿ ಬಾಯಿಗೆ ಸೆರಗು ಹಿಡಿದುಕೊಂಡು ಹೊರಗೆ ಹೋದಳು. ರೇವಣ ಹೆಂಡತಿಯ ಕಾಲ ಹತ್ತಿರ ನಿಂತಿದ್ದವನು ಬಾಗಿ ಹೊದಿಕೆ ಸರಿ ಮಾಡಿದ, ಮತ್ತೆ ಮೊಬೈಲ್ ತೆಗೆಯಲಿಲ್ಲ.

ಲೋಹದ್ದನ್ನೇ ಹಾಕಿದರು. ಹೊರಗೆ ಬಂದ ಕೂಡಲೇ ನಾನು ಲಿಂಗವನ್ನು ಅವಳ ಕೊರಳಿಗೆ ಮತ್ತೆ ಕಟ್ಟಿದೆ. ವಾರ್ಡಿನಲ್ಲಿ ನಮ್ಮ ಪಕ್ಕದ ಹಾಸಿಗೆಯಲ್ಲಿ ಹುಮನಾಬಾದಿನ ಒಬ್ಬ ಕಾಕಾ ಇದ್ದ. ಅವನ ಹೆಂಡತಿ ನಮಗೆ ರೊಟ್ಟಿ, ಶೇಂಗಾ ಹಿಂಡಿ ಹಂಚಿದ್ದಳು. ನನ್ನ ಗಂಡನಿಗೆ ಫಿಕರ್ ಇಲ್ಲ, ನಾಳೆ ಮನೆಗೆ ಬಿಡುತ್ತಾರೆ ಎಂದು ನಗುತ್ತ ಹೇಳಿದ್ದಳು. ಬೆಳಿಗ್ಗೆ ನಾನು ಚಹಾ ತಂದಾಗ ಆ ಹಾಸಿಗೆಗೆ ಹೊಸ ಚಾದರ ಹಾಸುತ್ತಿದ್ದರು. ಕಿಟಕಿಯಲ್ಲಿ ಅವಳ ಹಿಂಡಿಯ ಡಬ್ಬಿ ಹಾಗೇ ಇತ್ತು. ಸುವರ್ಣಾ ಆ ಡಬ್ಬಿಯನ್ನೇ ನೋಡುತ್ತ ಮಲಗಿದ್ದಳು. ನಾನು ಕಿಟಕಿಗೆ ಬೆನ್ನು ಮಾಡಿ ನಿಂತು ಚಹಾ ಕುಡಿಸಿದೆ.

ಮನೆಗೆ ಬಂದ ಮೇಲಿನ ದಿನಗಳೇ ಹೆಚ್ಚು ಕತ್ತಲೆಯವು. ಜೀವ ಉಳಿದಿತ್ತು, ಅವಳು ಉಳಿದಿರಲಿಲ್ಲ. ಗುಳಿಗೆಯಿಂದ ಸ್ವಲ್ಪ ತಾಗಿದರೂ ಮೈಮೇಲೆ ನೀಲಿ ಕಟ್ಟುತ್ತಿತ್ತು. ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ರಕ್ತ ಲಗೂ ನಿಲ್ಲದೆ ಮನೆಯವರೆಲ್ಲ ಸುತ್ತ ಸೇರಿದೆವು. ನಮ್ಮ ಮನೆಯವರು ಗಿರಣಿಯ ಬಾಗಿಲಿಗೆ ಅಡ್ಡ ಹಲಗೆ ಇಟ್ಟು, ಸುವರ್ಣಾ ಇದನ್ನು ದಾಟಬಾರದು ಎಂದು ಹೇಳಿಬಿಟ್ಟರು. ಚುಂಬಕದ ಭಯ ಅವರನ್ನು ಬಿಟ್ಟಿರಲಿಲ್ಲ. ಡಾಕ್ಟರರನ್ನು ಕೇಳೋಣವೆಂದರೆ, ನಗುತ್ತಾರೆ ಎಂದು ನಾಚಿಕೆ. ಬ್ಯಾಸಗಿ ಬಂತು. ಮೋಟಾರಿನ ಸದ್ದಿಗೆ ಅವಳು ಕಟ್ಟೆಯ ಮೇಲೆ ಕುಳಿತು ಕಿವಿ ಕೊಡುತ್ತಿದ್ದಳು. ಕಲ್ಲು ಬಿಗಿ ಆಗಿದೆ, ಹಿಟ್ಟು ಸುಡುತ್ತದೆ ಎಂದು ಅಲ್ಲಿಂದಲೇ ಹೇಳುತ್ತಿದ್ದಳು, ಒಳಗಿನವರಿಗೆ ಕೇಳಿಸುತ್ತಿರಲಿಲ್ಲ. ಗಿರಾಕಿ ಹೆಂಗಸರು ಅವಳನ್ನು ದಾಟುವಾಗ ದನಿ ಸಣ್ಣ ಮಾಡುತ್ತಿದ್ದರು.

ಆಗ ಒಂದು ದಿನ ಘಾಟಬೋರಾಳದಿಂದ ನಮ್ಮ ಮನೆಯವರ ಅಕ್ಕ ಬಂದಳು. ನೋಡಲು ಬಂದವಳು ಚಹಾ ಕುಡಿಯುತ್ತ, ಹುಡುಗಿ ಒಳಗೆ ಮಲಗಿದ್ದಾಳೆ ಎಂದು ತಿಳಿದು ಮಾತು ತೆಗೆದಳು. ಅವಳು ಇರಲಿ, ಚಲೋ ನೋಡಿಕೊಳ್ಳೋಣ, ಆದರೆ ರೇವಣನಿಗೆ ಇನ್ನೂ ವಯಸ್ಸಿದೆ, ಮನೆತನ ಮುಂದೆ ನಡೆಯಬೇಕಲ್ಲ ಅಂದಳು. ತನಗೆ ಗೊತ್ತಿರುವ ಒಂದು ಮನೆ ಇದೆ ಎಂದೂ ಅಂದಳು. ಸುವರ್ಣಾ ಮಲಗಿರಲಿಲ್ಲ, ಬಾಗಿಲ ಹಿಂದೆ ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ನಿಂತದ್ದು ನನಗೆ ಕೇಳಿಸಿತು. ನಮ್ಮ ಮನೆಯವರು ಎಂದೂ ಅಕ್ಕನಿಗೆ ಎದುರಾಡಿದವರಲ್ಲ. ಕಪ್ಪು ಕೆಳಗಿಟ್ಟು ಮೆಲ್ಲಗೆ ಅಂದರು.

"ಅಕ್ಕಾ, ಘಾಟಬೋರಾಳದ ಬಸ್ಸಿನ ಟೈಮ್ ಆತು."

"ಈಗ ಬಂದೀನಲ್ಲೋ."

"ಹೌದು. ಈಗ ಹೋದ್ರ ಸೀಟು ಸಿಗ್ತದ."

ಅವಳು ಹೋದಳು. ಒಳಗೆ ಮೊರದ ಸದ್ದು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಆದರೆ ಅವತ್ತಿನಿಂದ ಸುವರ್ಣಾ ಊಟ ಕಡಿಮೆ ಮಾಡಿದಳು. ರೇವಣ ಎಷ್ಟು ಸಮಾಧಾನ ಹೇಳಿದರೂ ಹ್ಞೂಂ ಅನ್ನುವಳು, ಅಷ್ಟೆ. ಬದುಕಿಸಿದ್ದೇ ಇದಕ್ಕಾ ಎಂದು ಅವಳ ಕಣ್ಣು ಕೇಳಿದ ಹಾಗೆ ನನಗೆ ಕಾಣುತ್ತಿತ್ತು.

ಬ್ಯಾಸಗಿ ಮುಗಿದು ಮಿರಗದ ಮಳೆ ಬಿದ್ದ ಮೇಲಿನ ಮಾತು. ಗಂಡಸರು ಬಿತ್ತಲು ಹೋಗಿದ್ದರು, ಕರೆಂಟು ಇರಲಿಲ್ಲ, ಗಿರಣಿ ನಿಂತಿತ್ತು. ಮಧ್ಯಾಹ್ನ ನಾನು ಹಪ್ಪಳ ಒಳಗೆ ತರುವಾಗ ನೋಡಿದರೆ ಅಡ್ಡ ಹಲಗೆ ಸರಿದಿದೆ. ಒಳಗೆ ಸುವರ್ಣಾ ಕಾಳಿನ ಬಾಯಿಯಿಂದ ಆ ಚುಂಬಕವನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಳು. ಇಟ್ಟಿಗೆಯಷ್ಟು ದಪ್ಪ, ಮೈತುಂಬ ಮೊಳೆ, ತಂತಿಯ ಚೂರು ಅಂಟಿಕೊಂಡಿದ್ದವು. ಅವನ್ನೆಲ್ಲ ಸೆರಗಿನಿಂದ ಒರೆಸಿ ತೆಗೆದಳು. ನಾನು ಕೂಗುವುದರೊಳಗೆ ಅದನ್ನು ಎತ್ತಿ ಎಡ ಎದೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

ನನ್ನ ಕೈಯ ಹಪ್ಪಳದ ತಟ್ಟೆ ಬಿತ್ತು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಇಷ್ಟು ತಿಂಗಳಿನಲ್ಲಿ ಮೊದಲ ಸಲ ಅವಳ ಮುಖದಲ್ಲಿ ಹಳೆಯ ಗಿರಣಿಯ ಸುವರ್ಣಾ ಕಂಡಳು.

"ಜಗ್ಗಲಿಲ್ಲ ನೋಡ್ರಿ ಅತ್ತಿ."

"ಜಗ್ಗಿದ್ರ ಏನ್ ಮಾಡ್ತಿದ್ದಿ?" ನಾನು ಕೂಗಿದೆ.

"ಕಟ್ಟಿ ಮ್ಯಾಲ ಕುಂತು ಕುಂತು ಸಾಯೂದು ತಪ್ತಿತ್ತು."

ಆ ಮಾತಿಗೆ ನಾನು ಹೋಗಿ ಅವಳ ಕೈಯಿಂದ ಚುಂಬಕ ಕಿತ್ತುಕೊಂಡೆ. ಬೈಯಬೇಕೆಂದವಳಿಗೆ ಅಳು ಬಂತು. ಅವಳೂ ಅತ್ತಳು. ಮನೆಗೆ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಸಂಜೆ ಸುದ್ದಿ ಕೇಳಿ ನಮ್ಮ ಮನೆಯವರು ಮುಂದಿದ್ದ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದರು. ಮುಂದಿನ ತಪಾಸಣೆಗೆ ತಾವೇ ಕಲಬುರಗಿಗೆ ಬಂದು, ನಾಚಿಕೆ ಬಿಟ್ಟು ಡಾಕ್ಟರರನ್ನು ಕೇಳಿದರು. ಅದು ಗಿರಣಿಯ ಚುಂಬಕ ಜಗ್ಗುವಂಥ ಕಬ್ಬಿಣವಲ್ಲ, ಬೇರೆ ಲೋಹ ಎಂದು ಡಾಕ್ಟರು ನಕ್ಕರು. ಆದರೆ ಇನ್ನು ಮುಂದೆ ಇಂಥ ಪರೀಕ್ಷೆ ನೀನೇ ಮಾಡಿಕೊಳ್ಳಬೇಡ, ನನ್ನನ್ನು ಕೇಳು ಎಂದು ಸುವರ್ಣಾಳಿಗೆ ಗಟ್ಟಿಯಾಗಿಯೇ ಹೇಳಿದರು. ಭಾರದ ಡಬ್ಬಿ ಬೇಡ, ಉಳಿದ ಕೆಲಸ ಮಾಡು ಅಂದರು. ಮರುದಿನ ನಮ್ಮ ಮನೆಯವರು ಆ ಅಡ್ಡ ಹಲಗೆಯನ್ನು ಒಡೆದು ನೀರು ಕಾಯಿಸುವ ಒಲೆಗೆ ಹಾಕಿದರು.

ಆಮೇಲಿನದನ್ನು ಹೇಳುವುದು ಸುಲಭ, ಕಳೆದದ್ದು ಸುಲಭವಲ್ಲ. ವರ್ಷ ತುಂಬಿದಾಗ ದೊಡ್ಡ ಗುಳಿಗೆ ಬಿಡಿಸಿದರು, ಹೊಟ್ಟೆಯ ಕೂಸಿಗೆ ಆಗದ ಇನ್ನೂ ಕೆಲವು ಗುಳಿಗೆ ನಿಲ್ಲಿಸಿದರು. ಹೋದ ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಬಂದೆವು, ಭಜ್ಜಿ ಮಾಡಲು ಮಾತ್ರ ಯಾರಿಗೂ ಕೈ ಏಳಲಿಲ್ಲ. ಬಸಿರು ನಿಂತಾಗ ನಾನು ಕುಣಿಯಲಿಲ್ಲ, ಹೆದರಿದೆ. ಮೂರನೇ ತಿಂಗಳು ದಾಟುವ ತನಕ ಅವಳು ಕೆಮ್ಮಿದರೂ ಎದ್ದು ಕೂಡುತ್ತಿದ್ದೆ. ಹೆರಿಗೆಯ ದಿನ ಹೃದಯದ ಡಾಕ್ಟರು ಒಳಗೇ ಇದ್ದರು. ಆ ಬಾಗಿಲ ಮುಂದೆ ನಾನೂ ಬೀಗತಿಯೂ ಕೈ ಕೈ ಹಿಡಿದು ಕುಳಿತಿದ್ದೆವು. ಕೂಸಿನ ಅಳು ಕೇಳಿಸಿದಾಗ ಬೀಗತಿ ಕೂಸನ್ನು ಕೇಳಲಿಲ್ಲ. ನನ್ನ ಮಗಳು ಉಸಿರಾಡುತ್ತಿದ್ದಾಳೆಯೇ ಎಂದು ಕೇಳಿದಳು.

ಇವತ್ತು ಸಂಜೆ ಭಜ್ಜಿಯನ್ನು ಮತ್ತೆ ಒಲೆಗಿಟ್ಟು ಬಿಸಿ ಮಾಡಿದೆ, ಎಲ್ಲರೂ ಮನೆಯಲ್ಲೇ ಉಣ್ಣಲು ಕುಳಿತೆವು. ಹೊಲದ ಪೂಜೆ ಮುಗಿಸಿ ರೇವಣ, ನಮ್ಮ ಮನೆಯವರು ಬಂದರು. ಘಾಟಬೋರಾಳದ ಅಕ್ಕನೂ ಬಂದಿದ್ದಳು, ಕೂಸಿಗೆ ತಾನೇ ಹೊಲಿದ ಕುಂಚಿಗೆ ತಂದಿದ್ದಳು. ಹಳೆಯ ಮಾತು ಯಾರೂ ಎತ್ತಲಿಲ್ಲ. ನಮ್ಮ ಮನೆಯವರು ಮಾತ್ರ, ಅಕ್ಕಾ, ಇವತ್ತು ಬಸ್ಸು ಇಲ್ಲ, ಸಾವಕಾಶ ಉಣ್ಣು ಅಂದರು. ಅವಳು ತಲೆ ಬಗ್ಗಿಸಿ ನಕ್ಕಳು.

ಬಾಣಂತಿ ಒಳಕೋಣೆಯಲ್ಲಿ ಬೇರೆ ಉಣ್ಣಬೇಕು. ಸುವರ್ಣಾ ಕಿವಿಗೆ ಬಟ್ಟೆ ಕಟ್ಟಿಕೊಂಡು ತಾನೇ ಬಂದು ಗಂಡನ ಪಕ್ಕದಲ್ಲಿ ಕುಳಿತಳು. ಕೂಸು ನಮ್ಮ ಮನೆಯವರ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ಬಡಿಸುತ್ತ ನಿಂತಿದ್ದೆ. ಸುವರ್ಣಾ ಸಜ್ಜೆರೊಟ್ಟಿಯ ತುಣುಕು ಮುರಿದು ನೇರ ಭಜ್ಜಿಗೆ ಕೈ ಹಾಕಿದಳು.

"ಹಸಿ ಬಾಣಂತಿ, ಕಾಳು ತಿನ್ನಬ್ಯಾಡ, ಕೂಸಿಗಿ ಹೊಟ್ಟಿ ಉಬ್ಬರಸ್ತದ" ಅಂದಳು ಬೀಗತಿ.

"ಒಂದ ತುತ್ತ ಯವ್ವಾ. ಅವತ್ತ ಮಾಡಿದಾಕಿ ನಾನು, ತಿಂದದ್ದು ಹೊಲದ ಕಾಗಿ."

ಬೀಗತಿ ಮಗಳ ಕಡೆ ಸರಿದಳು. ತನ್ನ ತಟ್ಟೆಯಿಂದ ಕಾಳು ಬಿಟ್ಟು ಬರೀ ಸೊಪ್ಪು ಎತ್ತಿ ಮಗಳ ರೊಟ್ಟಿಯ ಮೇಲೆ ಇಟ್ಟಳು. ಸುವರ್ಣಾ ಅದನ್ನು ಬಾಯಿಗೆ ಒಯ್ಯದೆ ನನ್ನ ಕಡೆ ನೋಡಿದಳು.

"ಅತ್ತಿ, ನೀವು ಕೂಡ್ರಿ. ನೀವು ಕುಂತ್ರ ನಾ ಉಣ್ತೀನಿ."

ಸವುಟು ಪಾತ್ರೆಯಲ್ಲಿ ಬಿಟ್ಟು, ಎಲ್ಲರ ಸಾಲಿನಲ್ಲಿ ಅವಳ ಪಕ್ಕಕ್ಕೆ ಕುಳಿತೆ. ಅವಳು ತುತ್ತು ಬಾಯಿಗಿಟ್ಟಳು. ನಾನೂ ಇಟ್ಟೆ. ಭಜ್ಜಿ ಇನ್ನೂ ಬಿಸಿ ಇತ್ತು.